ಟಿಕೆಟ್ ಕೊಡೋರು ಯಾರು, ಲೆಕ್ಕದ ಪುಸ್ತಕ ಇಟ್ಟುಕೊಂಡೋರು ಯಾರು?

(ಹೋಬಳಿ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಭೆಗೆ ಬರುವಾಗ ದಾರಿಯಲ್ಲಿ ನಮ್ಮ ಹುಡುಗನೊಬ್ಬ ಕೇಳಿದ, "ಅಣ್ಣಾ, ಇವತ್ತು ಏನು ಮಾತಾಡ್ತೀರಿ?" ನ್ಯೂಯಾರ್ಕಿನ ಮೇಯರ್ ಚುನಾವಣೆ ವಿಷಯ ಕಣಪ್ಪ ಅಂದೆ. ಬೈಕು ನಿಲ್ಲಿಸಿಯೇ ಬಿಟ್ಟ. "ರಾಗಿ ಬೆಲೆ ಬಿಟ್ಟು, ಸೊಸೈಟಿ ಸಾಲ ಬಿಟ್ಟು, ಅಮೆರಿಕದ ಮೇಯರ್ ಯಾಕಣ್ಣಾ ನಮಗೆ?" ಕೊನೆವರೆಗೂ ಕೇಳು, ಆಮೇಲೆ ಬೈಯುವೆಯಂತೆ ಅಂದೆ. ನಿಮಗೂ ಅದೇ ಮಾತು ಹೇಳ್ತೀನಿ.

ನಾನು ಅಮೆರಿಕ ನೋಡಿದವನಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಪತ್ರಿಕೆಯಲ್ಲಿ ಬಂದದ್ದನ್ನು ಓದಿ, ಇಂಗ್ಲಿಷಿನಲ್ಲಿ ಇದ್ದದ್ದನ್ನು ಮಗಳ ಕೈಲಿ ಓದಿಸಿಕೊಂಡು ತಿಳಿದದ್ದನ್ನು ಹೇಳ್ತೀನಿ. ನಾವು ಮೂರು ಜನ ರೈತರು ಒಂದು ಕಡೆ ಕೂತರೆ ಎರಡು ಮಾತು ಬಂದೇ ಬರುತ್ತವೆ. ಒಂದು, ಈ ಪಕ್ಷಗಳು ಯಾರಿಗೋ ಟಿಕೆಟ್ ಕೊಟ್ಟು ನಮ್ಮ ತಲೆ ಮೇಲೆ ಕೂರಿಸ್ತಾವೆ ಅನ್ನೋದು. ಇನ್ನೊಂದು ಸಾಲ. ಈ ಎರಡೂ ಒಂದೇ ಊರಿನ ಚುನಾವಣೆಯಲ್ಲಿ ಎದುರಾಬದುರು ನಿಂತಿದ್ದು ನ್ಯೂಯಾರ್ಕಿನಲ್ಲಿ. ಒಂದು ಸಲ ಅಲ್ಲ, ಎರಡು ಸಲ. 1977ರಲ್ಲಿ ಒಮ್ಮೆ, 2025ರಲ್ಲಿ ಒಮ್ಮೆ.

ಮೊದಲು ಅಲ್ಲಿಯ ಮೇಯರ್ ಅಂದರೆ ಏನು ಅಂತ ನೋಡೋಣ. ನಮ್ಮ ಬೆಂಗಳೂರಿನಲ್ಲಿ ಬಹಳ ಕಾಲ ಕಾರ್ಪೊರೇಟರುಗಳು ಸೇರಿ ವರ್ಷಕ್ಕೊಬ್ಬರನ್ನು ಮೇಯರ್ ಮಾಡುತ್ತಿದ್ದರು. ಹಾಕಿದ ಹಾರ ಒಣಗುವಷ್ಟರಲ್ಲಿ ವರ್ಷ ಮುಗಿದು ಹೋಗುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಆ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅದೂ ಇಲ್ಲದೆ ಅಧಿಕಾರಿಗಳ ದರ್ಬಾರಾಯಿತು. ನ್ಯೂಯಾರ್ಕಿನಲ್ಲಿ ಹಾಗಲ್ಲ. 80 ಲಕ್ಷ ಮೀರಿದ ಜನ ಇರೋ ಊರು ಅದು. ಮೇಯರನ್ನು ಜನರೇ ನೇರ ಮತ ಹಾಕಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಪೊಲೀಸು, ಶಾಲೆ, ಕಸ, ಬೆಂಕಿ ಆರಿಸೋರು, ಎಲ್ಲಾ ಆತನ ಕೈಕೆಳಗೆ.

ಇನ್ನು ಟಿಕೆಟ್ಟಿನ ವಿಷಯ. ಅಲ್ಲಿ ಬಿ ಫಾರಂ ಹಂಚೋ ಹೈಕಮಾಂಡ್ ಇಲ್ಲ. ಮತದಾರರ ಪಟ್ಟಿಗೆ ಹೆಸರು ಬರೆಸುವಾಗಲೇ ನಾನು ಇಂಥ ಪಕ್ಷದವನು ಅಂತ ಬರೆಸಬಹುದು. ಚಂದಾ ಇಲ್ಲ, ರಸೀದಿ ಇಲ್ಲ, ಪುಢಾರಿಯ ಶಿಫಾರಸು ಬೇಕಿಲ್ಲ. ಹಾಗೆ ಬರೆಸಿದವರಿಗೆಲ್ಲ ದೊಡ್ಡ ಚುನಾವಣೆಗೆ ಮೊದಲು ಒಂದು ಒಳಚುನಾವಣೆ ನಡೆಯುತ್ತದೆ. ಇದಕ್ಕೆ ಪ್ರೈಮರಿ ಅನ್ನುತ್ತಾರೆ. ಸರ್ಕಾರವೇ ಮತಗಟ್ಟೆ ಇಟ್ಟು, ಸರ್ಕಾರವೇ ಎಣಿಸುತ್ತದೆ. ಅದರಲ್ಲಿ ಗೆದ್ದವನು ಪಕ್ಷದ ಅಭ್ಯರ್ಥಿ. ಪಕ್ಷದ ದೊಡ್ಡವರಿಗೆ ಇಷ್ಟ ಇರಲಿ, ಇಲ್ಲದಿರಲಿ, ಅವನೇ. ಆ ಊರಲ್ಲಿ ಡೆಮಾಕ್ರಟಿಕ್ ಪಕ್ಷ ಅಂತ ಬರೆಸಿದವರೇ 30 ಲಕ್ಷಕ್ಕೂ ಹೆಚ್ಚು. ಹಾಗಾಗಿ ಬಹಳ ಸಲ ಅವರ ಪ್ರೈಮರಿ ಗೆದ್ದವನೇ ಮೇಯರ್ ಆಗುತ್ತಾನೆ.

ಇದು ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಅಲ್ಲಿಯೂ ಒಂದು ಕಾಲದಲ್ಲಿ ಟ್ಯಾಮನಿ ಹಾಲ್ ಅಂತ ಒಂದು ಕೂಟವಿತ್ತು. ಯಾರು ಮೇಯರ್, ಯಾರು ಜಡ್ಜು, ಯಾರಿಗೆ ಕಂಟ್ರಾಕ್ಟು, ಎಲ್ಲಾ ಅಲ್ಲೇ ತೀರ್ಮಾನ. ನಮ್ಮ ಕಡೆ ತೋಟದ ಮನೆಯಲ್ಲಿ ಆಗುತ್ತಲ್ಲ, ಹಾಗೆ. ಅದನ್ನು ಮುರಿಯೋಕೆ ನೂರು ವರ್ಷದ ಹಿಂದೆ ಈ ಪ್ರೈಮರಿ ಕಾಯಿದೆ ಬಂತು. ಕಾಯಿದೆ ಬಂದ ಮೇಲೂ ಆ ಕೂಟ ಎಷ್ಟೋ ವರ್ಷ ಜಗ್ಗಲಿಲ್ಲ. 1961ರಲ್ಲಿ ವಾಗ್ನರ್ ಅನ್ನೋ ಮೇಯರ್, ಅವರೇ ಬೆಳೆಸಿದ ಮನುಷ್ಯ, ಅವರಿಗೇ ತಿರುಗಿ ನಿಂತು ಪ್ರೈಮರಿಯಲ್ಲಿ ಅವರ ಅಭ್ಯರ್ಥಿಯನ್ನು ಸೋಲಿಸಿದ. ಆಮೇಲೆ ಅದರ ಬೆನ್ನು ಮುರಿಯಿತು.

ಸರಿ, ಟಿಕೆಟ್ಟು ಜನರ ಕೈಗೆ ಬಂತು. ಅಷ್ಟಕ್ಕೇ ಎಲ್ಲಾ ಆಯಿತೇ? ಇಲ್ಲಿ ಸಾಲದ ಕಥೆ ಶುರುವಾಗುತ್ತೆ.

1975ರ ಹೊತ್ತಿಗೆ ನ್ಯೂಯಾರ್ಕ್ ನಗರದ ತಲೆ ಮೇಲೆ ಸುಮಾರು 1,400 ಕೋಟಿ ಡಾಲರ್ ಸಾಲ ಇತ್ತು. ಅದರಲ್ಲಿ 600 ಕೋಟಿಯಷ್ಟು ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ. ಹೇಗೆ ಅಂದರೆ, ಮುಂದಿನ ವರ್ಷ ಇಷ್ಟು ತೆರಿಗೆ ಬರುತ್ತೆ ಅಂತ ತೋರಿಸಿ ಈ ವರ್ಷ ಎತ್ತೋದು. ನಾವು ನಿಂತ ಪೈರು ತೋರಿಸಿ ಸಾಲ ಎತ್ತೋದಿಲ್ಲವೇ, ಅದೇ. ತೀರಿಸೋ ದಿನ ಬಂದಾಗ ಹೊಸ ಸಾಲ ಬರೆದು ಹಳೇದಕ್ಕೆ ಮುರಿದುಕೊಳ್ಳೋದು. ನಮ್ಮ ಸೊಸೈಟಿಗಳಲ್ಲಿ ಮಾರ್ಚಿ ತಿಂಗಳಲ್ಲಿ ನಡೆಯೋ ಆಟವನ್ನು ಅಷ್ಟು ದೊಡ್ಡ ಊರು ವರ್ಷಾನುಗಟ್ಟಲೆ ಆಡಿತು. ಆ ಬಾಂಡುಗಳನ್ನು ಮಾರಿಸಿಕೊಟ್ಟು ಕಮಿಷನ್ ತಿಂದದ್ದು ದೊಡ್ಡ ಬ್ಯಾಂಕುಗಳೇ. 1975ರ ವಸಂತದಲ್ಲಿ ಒಂದು ದಿನ ಅವೇ ಬ್ಯಾಂಕುಗಳು ಇನ್ನು ಕೊಡೋಲ್ಲ ಅಂದವು.

ಅಕ್ಟೋಬರ್ 17ನೇ ತಾರೀಖು. ಅವತ್ತು ಕಟ್ಟಬೇಕಾದ್ದು 45 ಕೋಟಿ 30 ಲಕ್ಷ ಡಾಲರ್. ಕೈಲಿದ್ದದ್ದು 3 ಕೋಟಿ 40 ಲಕ್ಷ. ನಗರ ದಿವಾಳಿ ಅಂತ ಸಾರೋ ಕಾಗದ ಬರೆದಿಟ್ಟಿದ್ದರು. ಕೊನೇ ಗಳಿಗೆಯಲ್ಲಿ ಉಳಿಸಿದ್ದು ಯಾರು ಗೊತ್ತೇ? ಶಾಲಾ ಮೇಷ್ಟ್ರುಗಳು. ತಮ್ಮ ಪಿಂಚಣಿ ನಿಧಿಯಿಂದ 15 ಕೋಟಿ ಡಾಲರ್ ಬಾಂಡು ಕೊಂಡರು. ಆ ತಿಂಗಳ ಕೊನೆಗೆ ಅಧ್ಯಕ್ಷ ಫೋರ್ಡ್ ಭಾಷಣ ಮಾಡಿ, ನ್ಯೂಯಾರ್ಕಿಗೆ ನೆರವು ಕೊಡೋ ಮಸೂದೆ ಬಂದರೆ ತಿರಸ್ಕರಿಸ್ತೀನಿ ಅಂದರು. ಸತ್ತುಹೋಗು ಅಂದರು ಫೋರ್ಡ್ ಅನ್ನೋ ಅರ್ಥದ ತಲೆಬರಹ ಮರುದಿನದ ಪೇಪರಿನಲ್ಲಿ ಬಂತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಫೋರ್ಡ್ ವರ್ಷಕ್ಕೆ 230 ಕೋಟಿ ಡಾಲರ್‌ವರೆಗೆ ಕೇಂದ್ರದಿಂದ ಸಾಲ ಕೊಡೋ ಕಾಯಿದೆಗೆ ರುಜು ಹಾಕಿದರು. ದೊಡ್ಡ ಸಾಲಗಾರ ಮುಳುಗಿದರೆ ಕೊಟ್ಟವನೂ ಮುಳುಗುತ್ತಾನೆ, ಅದಕ್ಕೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸಾಲ ಕೊಟ್ಟವರ ಜೀಪು ನಮ್ಮ ಮನೆ ಮುಂದೆ ಬಂದು ನಿಂತಿತ್ತು. ಪಂಪ್‌ಸೆಟ್ಟಿಗೆ ತೆಗೆದ ಸಾಲ, ಬಾವಿ ಬತ್ತಿಹೋಗಿತ್ತು. ಹಂಡೆ, ಕೊಳಗ, ಕೊನೆಗೆ ಮುಂಬಾಗಿಲ ಕದ ಎತ್ತಿಕೊಂಡು ಹೋದರು. ಆ ಮಳೆಗಾಲ ಪೂರ್ತಿ ಬಾಗಿಲಿಗೆ ಗೋಣಿತಾಟು ಕಟ್ಟಿಕೊಂಡಿದ್ದೆವು. ನ್ಯೂಯಾರ್ಕ್ ಸಿಟಿ ಹಾಲಿನ ಕದ ಯಾರೂ ಎತ್ತಿಕೊಂಡು ಹೋಗಲಿಲ್ಲ. ಆದರೆ ಕದಕ್ಕಿಂತ ದೊಡ್ಡದನ್ನು ತೆಗೆದುಕೊಂಡರು, ಅದನ್ನ ಹೇಳ್ತೀನಿ.

1975ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಒಂದು ಹಣಕಾಸು ನಿಯಂತ್ರಣ ಮಂಡಳಿ ಮಾಡಿತು. ಏಳು ಜನ ಸದಸ್ಯರು. ರಾಜ್ಯಪಾಲರು, ಅಂದರೆ ಅಲ್ಲಿ ಜನ ಆರಿಸಿದ ರಾಜ್ಯದ ಮುಖ್ಯಸ್ಥ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಮೇಯರು. ರಾಜ್ಯದ ಮತ್ತು ನಗರದ ಲೆಕ್ಕದ ಅಧಿಕಾರಿಗಳು. ಇನ್ನು ಮೂವರು ಹೊರಗಿನವರು, ರಾಜ್ಯಪಾಲರೇ ನೇಮಿಸಿದವರು. ನಗರದ ಬಜೆಟ್ಟು, ನೌಕರರ ಸಂಬಳದ ಒಪ್ಪಂದ, ಎಲ್ಲಾ ಇವರ ಮುಂದೆ ಬರಬೇಕು. ಲಕ್ಷಾಂತರ ಜನ ಮತ ಹಾಕಿ ಆರಿಸಿದ ಮೇಯರು ಅಲ್ಲಿ ಏಳರಲ್ಲಿ ಒಬ್ಬ. ಆ ಕಾಲದಲ್ಲಿ ಸಾವಿರಾರು ಪೊಲೀಸರು, ಮೇಷ್ಟ್ರುಗಳು, ಕಸದ ನೌಕರರು ಕೆಲಸ ಕಳೆದುಕೊಂಡರು. ರೈಲಿನ ದರ 35 ಸೆಂಟಿದ್ದದ್ದು 50 ಆಯಿತು. ನಗರದ ಕಾಲೇಜುಗಳಲ್ಲಿ 129 ವರ್ಷ ಫೀ ಇರಲಿಲ್ಲ, ಬಡವರ ಮಕ್ಕಳು ಓದಿ ದೊಡ್ಡವರಾಗಿದ್ದರು. 1976ರಲ್ಲಿ ಅಲ್ಲಿಗೂ ಫೀ ಬಂತು. ಸಾಲ ಮಾಡಿದವರು ಯಾರೋ, ಕಂತು ಕಟ್ಟಿದವರು ಬಸ್ಸಿಗೆ ಕಾಯುವವರು.

ಈ ಗಾಯದ ಮೇಲೆಯೇ 1977ರ ಪ್ರೈಮರಿ ಬಂತು. ಡೆಮಾಕ್ರಟಿಕ್ ಟಿಕೆಟ್ಟಿಗೆ ಏಳು ಜನ ನಿಂತರು. ಹಾಲಿ ಮೇಯರ್ ಏಬ್ರಹಾಂ ಬೀಮ್ ಒಬ್ಬರು. ಎಡ್ವರ್ಡ್ ಕಾಚ್ ಅಂತ ಪಾರ್ಲಿಮೆಂಟ್ ಸದಸ್ಯ, ಮಾರಿಯೋ ಕ್ವೋಮೋ ಅಂತ ವಕೀಲ, ಬೆಲ್ಲಾ ಅಬ್ಜುಗ್ ಅಂತ ಗಟ್ಟಿ ಬಾಯಿಯ ಹೆಣ್ಣುಮಗಳು, ಕಪ್ಪು ಜನರ ಮುಖಂಡ ಪರ್ಸಿ ಸಟನ್, ಪೋರ್ಟೊ ರಿಕೊ ಮೂಲದ ಹರ್ಮನ್ ಬಡಿಯೊ. ಆ ಜುಲೈನಲ್ಲಿ ಒಂದು ರಾತ್ರಿ ಊರಿಗೆ ಊರೇ ಕರೆಂಟು ಹೋಗಿ, ಅಂಗಡಿ ಲೂಟಿಯಾಗಿ, ಜನ ರೊಚ್ಚಿಗೆದ್ದಿದ್ದರು. ಕಾಚ್ ಮರಣದಂಡನೆ ಬೇಕು ಅಂತ ಕೂಗಿಕೊಂಡು ತಿರುಗಿದರು. ಮರಣದಂಡನೆ ಕೊಡೋದು ಬಿಡೋದು ಮೇಯರ್ ಕೈಲೇ ಇಲ್ಲ! ಕೈಲಿ ಇಲ್ಲದ್ದರ ಬಗ್ಗೆ ಜೋರು ಮಾತಾಡಿದರೆ, ಕೈಲಿದ್ದು ಜಾರಿಹೋದದ್ದರ ಬಗ್ಗೆ ಯಾರೂ ಕೇಳೋಲ್ಲ. ಈ ವಿದ್ಯೆ ನಮ್ಮವರಿಗೂ ಚೆನ್ನಾಗಿ ಗೊತ್ತು.

ಆಗಸ್ಟಿನಲ್ಲಿ ಷೇರು ಬಾಂಡುಗಳ ಮೇಲೆ ನಿಗಾ ಇಡೋ ಕೇಂದ್ರದ ಆಯೋಗದ ವರದಿ ಬಂತು. ಬಾಂಡು ಕೊಂಡವರಿಗೆ ನಗರದ ನಿಜಸ್ಥಿತಿ ಮುಚ್ಚಿಟ್ಟದ್ದಕ್ಕೆ ಅದು ಮೇಯರನ್ನೂ ದೂರಿತು, ಬ್ಯಾಂಕುಗಳನ್ನೂ ದೂರಿತು. ಬೀಮ್ ಮತ ಕಳೆದುಕೊಂಡರು. ಬ್ಯಾಂಕಿಗೆ ಕಳೆದುಕೊಳ್ಳೋಕೆ ಮತ ಎಲ್ಲಿದೆ?

ಸೆಪ್ಟೆಂಬರ್ 8ಕ್ಕೆ ಮತದಾನ. ಕಾಚ್‌ಗೆ 1 ಲಕ್ಷ 80 ಸಾವಿರ, ಅಂದರೆ ನೂರಕ್ಕೆ 20 ಕೂಡ ತುಂಬಲಿಲ್ಲ. ಕ್ವೋಮೋಗೆ ನೂರಕ್ಕೆ 19ರ ಹತ್ತಿರ. ಹಾಲಿ ಮೇಯರು ಮೂರನೆಯವರಾಗಿ ಮನೆಗೆ ಹೋದರು. ಯಾರಿಗೂ ನೂರಕ್ಕೆ 40 ಬಾರದಿದ್ದರೆ ಮೊದಲಿಬ್ಬರ ನಡುವೆ ಮತ್ತೊಮ್ಮೆ ಮತದಾನ ಅಂತ ನಿಯಮ. ಹನ್ನೊಂದು ದಿನ ಬಿಟ್ಟು ನಡೆದ ಆ ಸುತ್ತಿನಲ್ಲಿ ಕಾಚ್‌ಗೆ 55, ಕ್ವೋಮೋಗೆ 45. ಕ್ವೋಮೋ ಅಷ್ಟಕ್ಕೆ ಬಿಡಲಿಲ್ಲ. ಲಿಬರಲ್ ಅನ್ನೋ ಸಣ್ಣ ಪಕ್ಷದ ಟಿಕೆಟ್ಟು ಕೈಲಿತ್ತು, ಅದರ ಮೇಲೆ ನವೆಂಬರಿನ ದೊಡ್ಡ ಚುನಾವಣೆಗೂ ನಿಂತರು. ಕಾಚ್‌ಗೆ ನೂರಕ್ಕೆ 50, ಕ್ವೋಮೋಗೆ 41. ಈ 50, 41 ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಕಾಚ್ ಹನ್ನೆರಡು ವರ್ಷ ಮೇಯರ್ ಆಗಿದ್ದರು. ಅದರಲ್ಲಿ ಎಂಟು ವರ್ಷ ಆ ಮಂಡಳಿಯ ಹಿಡಿತದಲ್ಲೇ. 1986ರಲ್ಲಿ ಹಿಡಿತ ಸಡಿಲವಾಯಿತು. ಹಾಗಾದರೆ 1977ರಲ್ಲಿ ಜನ ಆರಿಸಿದ್ದು ಯಾರನ್ನ? ಅಭ್ಯರ್ಥಿಯನ್ನು ಅವರೇ ಆರಿಸಿದರು, ಮೇಯರನ್ನು ಅವರೇ ಆರಿಸಿದರು. ಲೆಕ್ಕದ ಪುಸ್ತಕ ಇಟ್ಟುಕೊಂಡವರನ್ನು ಮಾತ್ರ ಯಾರೂ ಅವರ ಮುಂದೆ ಮತಕ್ಕೆ ತರಲಿಲ್ಲ.

ಈಗ ಅದೇ ಊರಿನ ಇನ್ನೊಂದು ಸಾಲ. ಈ ಸಲ ನಗರದ್ದಲ್ಲ, ದುಡಿಯೋ ಜನರದ್ದು. ಅಲ್ಲಿ ಹಳದಿ ಟ್ಯಾಕ್ಸಿ ಓಡಿಸಬೇಕಾದರೆ ಮೆಡಾಲಿಯನ್ ಅಂತ ಒಂದು ಪರವಾನಗಿ ಬಿಲ್ಲೆ ಬೇಕು. ಅದನ್ನ ಗಾಡಿಯ ಬಾನೆಟ್ಟಿಗೆ ಜಡಿದಿರುತ್ತಾರೆ. ಇಡೀ ಊರಿಗೆ ಸುಮಾರು 13,500 ಬಿಲ್ಲೆ ಮಾತ್ರ. ಹೊಲ ಇದ್ದ ಹಾಗೆ ಅದು. ಕೊಳ್ಳಬಹುದು, ಮಾರಬಹುದು, ಅಡ ಇಡಬಹುದು. ನಗರ ಸರ್ಕಾರವೇ ಅದನ್ನು ಹರಾಜು ಹಾಕಿ, ಇದರಷ್ಟು ಭದ್ರವಾದ ಆಸ್ತಿ ಇಲ್ಲ ಅಂತ ಜಾಹೀರಾತು ಕೊಟ್ಟಿತು. ಬೆಲೆ ಏರಿ ಏರಿ 2014ರ ಹೊತ್ತಿಗೆ ಒಂದು ಬಿಲ್ಲೆಗೆ 10 ಲಕ್ಷ ಡಾಲರ್ ದಾಟಿತು. ಕೊಂಡವರು ಬಾಂಗ್ಲಾದೇಶ, ಪಾಕಿಸ್ತಾನ, ಹೈತಿಯವರು, ನಮ್ಮ ಪಂಜಾಬಿನ ರೈತರ ಮಕ್ಕಳು. ಸಾಲ ಕೊಟ್ಟವರು ಬೆಲೆ ಏರಿದಷ್ಟೂ ಇನ್ನಷ್ಟು ತಗೊಳ್ಳಿ ಅಂದರು. ಬಡ್ಡಿ ಮಾತ್ರ ಕಟ್ಟಿ, ಅಸಲು ಆಮೇಲೆ ನೋಡೋಣ ಅಂತ ಬರೆದುಕೊಟ್ಟ ಸಾಲಗಳೂ ಇದ್ದವು. ಅಷ್ಟರಲ್ಲಿ ಊಬರ್ ಬಂತು. ಬಿಲ್ಲೆಯ ಬೆಲೆ ಬಿದ್ದುಹೋಯಿತು. ಸಾಲ ಬೀಳಲಿಲ್ಲ. ಐದು ಲಕ್ಷ ಡಾಲರ್ ಮೀರಿದ ಸಾಲ ಹೊತ್ತವರು ದಿನಕ್ಕೆ 12 ಗಂಟೆ, 14 ಗಂಟೆ ಗಾಡಿ ಓಡಿಸಿದರೂ ಬಡ್ಡಿ ಹುಟ್ಟಲಿಲ್ಲ. 2018ರಲ್ಲಿ ಹಲವು ಚಾಲಕರು ಜೀವ ಕಳೆದುಕೊಂಡರು. ಆ ಸುದ್ದಿ ಓದುವಾಗ ಮಗಳು ನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು. ನಮ್ಮೂರಲ್ಲಿ ಎಷ್ಟು ಮನೆಯಲ್ಲಿ ಈ ಕಥೆ ಇದೆ ಅಂತ ಅವಳಿಗೂ ಗೊತ್ತು.

ಚಾಲಕರ ಸಂಘ ಸುಮ್ಮನಿರಲಿಲ್ಲ. 2021ರಲ್ಲಿ ಸಿಟಿ ಹಾಲಿನ ಮುಂದೆ 46 ದಿನ ಹಗಲು ರಾತ್ರಿ ಕೂತರು. ಕೊನೇ 15 ದಿನ ಉಪವಾಸ. ವಯಸ್ಸಾದ ಚಾಲಕರು ಗಾಲಿ ಕುರ್ಚಿಯಲ್ಲಿ ಕೂತು ಉಪವಾಸ ಮಾಡಿದರು. ನವೆಂಬರ್ 3ರಂದು ನಗರ ಮಣಿಯಿತು. ಸಾಲವನ್ನು 1 ಲಕ್ಷ 70 ಸಾವಿರ ಡಾಲರಿಗೆ ಇಳಿಸೋದು, ಅದಕ್ಕೆ ನಗರವೇ ಜಾಮೀನು ನಿಲ್ಲೋದು, ಬಡ್ಡಿ ನೂರಕ್ಕೆ 5, ಅವಧಿ 20 ವರ್ಷ, ತಿಂಗಳ ಕಂತು 1,122 ಡಾಲರ್ ಮೀರಬಾರದು. ಗಮನಿಸಿ, ಇದು ಪೂರಾ ಮನ್ನಾ ಅಲ್ಲ. ಅಸಲನ್ನೇ ಕಡಿದು, ದುಡಿದು ಕಟ್ಟಬಹುದಾದಷ್ಟಕ್ಕೆ ತಂದು ನಿಲ್ಲಿಸಿದ್ದು. ನಮ್ಮಲ್ಲಿ ಒಂದು ಸಲ ಮನ್ನಾ ಅಂತಾರೆ, ಮರುವರ್ಷ ಅದೇ ನೋಟೀಸು. ಕಟ್ಟೋ ಶಕ್ತಿ ಎಷ್ಟು ಅಂತ ಅಳೆದು ಸಾಲ ಇಳಿಸೋ ಮಾತನ್ನು ಯಾರೂ ಆಡೋಲ್ಲ. ಈ ಒಪ್ಪಂದದ ವಿವರ ನಮ್ಮ ಸಂಘದವರೆಲ್ಲ ಓದಬೇಕು ಅಂತ ನನ್ನ ಆಸೆ.

ಆ ಹದಿನೈದು ದಿನ ಚಾಲಕರ ಜೊತೆ ಉಪವಾಸ ಕೂತವರಲ್ಲಿ ರಾಜ್ಯ ಶಾಸನಸಭೆಯ ಸದಸ್ಯನೊಬ್ಬ ಇದ್ದ. ಮೂವತ್ತರ ಹುಡುಗ, ಜೊಹ್ರಾನ್ ಮಮ್ದಾನಿ. ಹುಟ್ಟಿದ್ದು ಉಗಾಂಡದ ಕಂಪಾಲದಲ್ಲಿ, ತಾಯಿ ನಮ್ಮ ದೇಶದ ಸಿನಿಮಾ ನಿರ್ದೇಶಕಿ ಮೀರಾ ನಾಯರ್. ಇವನು 2025ರ ಪ್ರೈಮರಿಗೆ ನಿಂತಾಗ ಮೊದಮೊದಲ ಸಮೀಕ್ಷೆಯಲ್ಲಿ ನೂರಕ್ಕೆ ಒಬ್ಬ ಇವನ ಹೆಸರು ಹೇಳಿದ. ಎದುರಾಳಿ ಯಾರು? ಆಂಡ್ರೂ ಕ್ವೋಮೋ. 1977ರಲ್ಲಿ ಸೋತ ಮಾರಿಯೋ ಕ್ವೋಮೋ ಮಗ. ಅಪ್ಪ ಆಮೇಲೆ ರಾಜ್ಯಪಾಲರಾದರು, ಮಗನೂ ಆದ. ಲೈಂಗಿಕ ಕಿರುಕುಳದ ಆರೋಪಗಳು ಬಂದು 2021ರಲ್ಲಿ ರಾಜೀನಾಮೆ ಕೊಟ್ಟವನು. ಆರೋಪ ಸುಳ್ಳು ಅಂತ ಅವನ ವಾದ. ಪಕ್ಷದ ದೊಡ್ಡವರು ಬಹಳ ಜನ ಅವನ ಕಡೆ, ದೊಡ್ಡ ದುಡ್ಡೂ ಅವನ ಕಡೆ, ಕೋಟಿಗಟ್ಟಲೆ ಡಾಲರ್.

ದುಡ್ಡಿಲ್ಲದವನು ಹೇಗೆ ನಿಂತ? ಅಲ್ಲಿ ಒಂದು ಒಳ್ಳೆ ಕಾನೂನಿದೆ. ಊರಿನವನೊಬ್ಬ ಅಭ್ಯರ್ಥಿಗೆ 10 ಡಾಲರ್ ಕೊಟ್ಟರೆ, ಲೆಕ್ಕ ಸರಿ ಇದ್ದರೆ, ನಗರದ ಖಜಾನೆ 80 ಸೇರಿಸುತ್ತೆ. ಒಂದಕ್ಕೆ ಎಂಟು. ಒಬ್ಬ ಕೊಟ್ಟದ್ದರಲ್ಲಿ 250 ಡಾಲರ್‌ವರೆಗೆ ಮಾತ್ರ ಈ ಲೆಕ್ಕ. ಜೊತೆಗೆ ಸಾವಿರ ಸಾವಿರ ಹುಡುಗರು ಹುಡುಗಿಯರು ಮನೆ ಮನೆ ಬಾಗಿಲು ತಟ್ಟಿದರು.

ಇನ್ನೊಂದು, ಮತ ಹಾಕೋ ರೀತಿಯೇ ಬದಲಾಗಿತ್ತು. 2019ರಲ್ಲಿ ಜನರೇ ಮತ ಹಾಕಿ ಒಪ್ಪಿಕೊಂಡದ್ದು ಇದು. ಒಬ್ಬನಿಗೇ ಗುರುತು ಹಾಕೋ ಬದಲು ಒಂದು, ಎರಡು, ಮೂರು ಅಂತ ಐದು ಜನರವರೆಗೆ ಬರೆಯಬಹುದು. ನಮ್ಮ ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದಲ್ಲಿ ಪ್ರಾಶಸ್ತ್ಯದ ಮತ ಅಂತ ಇದೆಯಲ್ಲ, ಹೆಚ್ಚುಕಡಿಮೆ ಹಾಗೆ. ಕೊನೆಯವನನ್ನು ತೆಗೆದು ಅವನ ಮತಗಳನ್ನು ಮುಂದಿನ ಹೆಸರಿಗೆ ಹಂಚುತ್ತಾರೆ. ಇದರಿಂದ ಒಂದು ಚೋದ್ಯ ಆಯಿತು. ಮಮ್ದಾನಿಯೂ, ನಗರದ ಲೆಕ್ಕದ ಅಧಿಕಾರಿಯಾಗಿದ್ದ ಬ್ರಾಡ್ ಲ್ಯಾಂಡರೂ ಎದುರಾಳಿಗಳಾಗಿದ್ದುಕೊಂಡೇ, ನನಗೆ ಒಂದು ಬರೆದವರು ಅವನಿಗೆ ಎರಡು ಬರೀರಿ ಅಂತ ಒಟ್ಟಿಗೆ ಮತ ಕೇಳಿದರು! ಜೂನ್ 24ರ ಮತದಾನದಲ್ಲಿ ಹತ್ತು ಲಕ್ಷ ದಾಟಿ ಜನ ಮತ ಹಾಕಿದರು. ಮೊದಲ ಎಣಿಕೆಯಲ್ಲಿ ಮಮ್ದಾನಿಗೆ ನೂರಕ್ಕೆ 44ರ ಹತ್ತಿರ, ಕ್ವೋಮೋಗೆ 36. ಹಂಚಿಕೆ ಮುಗಿದ ಮೇಲೆ 56ಕ್ಕೆ 44.

ಮಗ ಅಪ್ಪನ ದಾರಿಯನ್ನೇ ಹಿಡಿದ. ಪ್ರೈಮರಿಯಲ್ಲಿ ಸೋತವನು ನವೆಂಬರ್ 4ರ ಚುನಾವಣೆಗೆ ಸ್ವತಂತ್ರನಾಗಿ ನಿಂತ. ಇಪ್ಪತ್ತು ಲಕ್ಷ ಮೀರಿ ಮತ ಬಿತ್ತು, 1969ರಿಂದ ಈಚೆಗೆ ಅಷ್ಟು ಬಿದ್ದಿರಲಿಲ್ಲ. ಮಮ್ದಾನಿಗೆ ನೂರಕ್ಕೆ 51ರ ಹತ್ತಿರ, ಕ್ವೋಮೋಗೆ 41. ಅಪ್ಪನಿಗೆ ಎಷ್ಟು ಬಂದಿತ್ತು ಅಂದಿದ್ದೆ? 41. ನಲವತ್ತೆಂಟು ವರ್ಷ ಬಿಟ್ಟು ಅದೇ ಲೆಕ್ಕ.

2026ರ ಜನವರಿ 1ಕ್ಕೆ ಹುಡುಗ ಮೇಯರ್ ಆದ. ಇಲ್ಲಿ ಚಪ್ಪಾಳೆ ತಟ್ಟಬೇಡಿ, ಸ್ವಲ್ಪ ತಡೀರಿ. ಅವನು ಹೇಳಿದ್ದು ಏನೇನು? ಬಾಡಿಗೆ ಏರಿಸೋಲ್ಲ, ಬಸ್ಸು ಪುಕ್ಕಟೆ, ಮಕ್ಕಳನ್ನು ನೋಡಿಕೊಳ್ಳೋ ಕೇಂದ್ರಗಳು ಪುಕ್ಕಟೆ, ನಗರವೇ ನಡೆಸೋ ದಿನಸಿ ಅಂಗಡಿ. ಸರ್ಕಾರದ ಹತೋಟಿ ಇರೋ ಹತ್ತು ಲಕ್ಷದಷ್ಟು ಮನೆಗಳ ಬಾಡಿಗೆ ತೀರ್ಮಾನಿಸೋ ಮಂಡಳಿಗೆ ಒಂಬತ್ತು ಜನ ಸದಸ್ಯರು, ಒಂಬತ್ತನ್ನೂ ನೇಮಿಸೋದು ಮೇಯರ್. ಅದು ಕೈಲಿದೆ. ಬಸ್ಸು ರಾಜ್ಯದ ಹಿಡಿತದ ನಿಗಮದ್ದು, ಅದು ಕೈಲಿಲ್ಲ. ಶ್ರೀಮಂತರ ಆದಾಯದ ಮೇಲೆ ತೆರಿಗೆ ಏರಿಸಬೇಕಾದರೆ ರಾಜಧಾನಿ ಆಲ್ಬನಿಯ ಒಪ್ಪಿಗೆ ಬೇಕು, ಅದೂ ಕೈಲಿಲ್ಲ. 1975ರಲ್ಲಿ ತಪ್ಪಿಹೋದ ಪುಸ್ತಕದ ಅರ್ಧ ಇನ್ನೂ ಬೇರೆಯವರ ಹತ್ತಿರವೇ ಇದೆ.

ದಿನಸಿ ಅಂಗಡಿ ವಿಷಯ ಓದಿದಾಗ ನನಗೆ ಅನುಮಾನ ಬಂತು, ಮುಚ್ಚಿಡೋಲ್ಲ. ಪೇಟೆಯವನು ಅಗ್ಗದ ಅನ್ನ ಕೊಡ್ತೀನಿ ಅಂದಾಗಲೆಲ್ಲ ಆ ಅಗ್ಗವನ್ನು ನಮ್ಮ ಕಣದಿಂದ ಕಡಿದಿದ್ದಾರೆ. ಆದರೆ ಅವನ ಯೋಜನೆ ಓದಿಸಿ ನೋಡಿದೆ. ಅಂಗಡಿಗೆ ಬಾಡಿಗೆ ಇಲ್ಲ, ಆಸ್ತಿ ತೆರಿಗೆ ಇಲ್ಲ, ಲಾಭ ಇಡೋದಿಲ್ಲ, ಆ ಉಳಿತಾಯದಲ್ಲಿ ಬೆಲೆ ಇಳಿಸೋದು. ಬೆಳೆದವನಿಗೆ ಕೊಡೋದರಲ್ಲಿ ಕಡಿತ ಅಂತ ಬರೆದಿಲ್ಲ. ಮೊದಲು ಊರಿನ ಐದು ಭಾಗಕ್ಕೆ ಒಂದೊಂದು ಅಂಗಡಿ ಅಂದಿದ್ದ. ನಡೆಸಿ ತೋರಿಸಲಿ, ಆಮೇಲೆ ಹೊಗಳೋಣ.

ಪ್ರೈಮರಿ ಅಂದರೆ ಸ್ವರ್ಗ ಅಂತ ನಾನು ಹೇಳ್ತಾ ಇಲ್ಲ. 30 ಲಕ್ಷ ಮೀರಿದ ಪಕ್ಷದವರಲ್ಲಿ ಮೂರರಲ್ಲಿ ಒಬ್ಬ ಬಂದು ಮತ ಹಾಕಿದ. ಪಕ್ಷ ಬರೆಸದವನು ಹೊರಗೇ ಉಳಿದ. ದುಡ್ಡಿನ ಹೊಳೆಯೂ ಹರಿಯಿತು. ಆದರೂ ಸಾಲಗಾರರ ಜೊತೆ ಉಪವಾಸ ಕೂತವನೊಬ್ಬ, ದೊಡ್ಡವರು ಬೇಡ ಅಂದರೂ ಟಿಕೆಟ್ ಪಡೆಯೋಕೆ ಆ ಊರಲ್ಲಿ ಒಂದು ಬಾಗಿಲು ತೆರೆದಿತ್ತು. ನಮ್ಮಲ್ಲಿ ಅಂಥವನು ಬಿ ಫಾರಂ ಕೇಳೋಕೆ ಯಾರ ಮನೆ ಜಗಲಿ ಮೇಲೆ ಕಾಯಬೇಕು, ನೀವೇ ಹೇಳಿ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ನಮ್ಮ ಸೊಸೈಟಿಯ ನಿರ್ದೇಶಕರ ಚುನಾವಣೆ ಬರ್ತಾ ಇದೆ. ಹೆಸರಿನ ಪಟ್ಟಿ ಆಗಲೇ ಯಾರದೋ ಮನೆಯಲ್ಲಿ ಬರೆದಾಗಿದೆ ಅಂತ ಸುದ್ದಿ. ಪಕ್ಷಗಳನ್ನು ತಿದ್ದೋದು ನಮ್ಮಿಂದ ಇವತ್ತಿಗೆ ಆಗದು. ಸೊಸೈಟಿಯ ಹನ್ನೆರಡು ಹಳ್ಳಿಯಲ್ಲಿ, ಪ್ರತಿ ಹಳ್ಳಿಯ ಷೇರುದಾರರು ಚುನಾವಣೆಗೆ ಮೊದಲೇ ಸೇರಿ ಗುಟ್ಟಾಗಿ ಚೀಟಿ ಹಾಕಿ, ನಮ್ಮ ಅಭ್ಯರ್ಥಿ ಇವರು ಅಂತ ನಾವೇ ಆರಿಸೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಂತವರ ಹತ್ತಿರ ಒಂದು ಕಾಗದ ಬರೆಸಿಕೊಳ್ಳೋಣ: ಗೆದ್ದ ಮೂರು ತಿಂಗಳೊಳಗೆ ಸಾಲದ ಲೆಡ್ಜರನ್ನು, ಯಾರಿಗೆ ಎಷ್ಟು ಕೊಟ್ಟಿದೆ, ಎಷ್ಟು ಬಡ್ಡಿ ಹಾಕಿದೆ ಅನ್ನೋದನ್ನು, ಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಿಸ್ತೀನಿ ಅಂತ. ರುಜು ಹಾಕದವರಿಗೆ ಚೀಟಿ ಬೇಡ. ಮೊದಲ ಸಭೆ ನಮ್ಮೂರ ಅರಳಿಕಟ್ಟೆಯಲ್ಲಿ, ಬರೋ ಸೋಮವಾರ ಸಂಜೆ ಹಾಲು ಹಾಕಿ ಬಂದ ಮೇಲೆ. ಚೀಟಿ ಹಾಕೋ ಡಬ್ಬ ನಾನು ತರ್ತೀನಿ. ಬೀಗದ ಕೈ ಹೆಣ್ಣುಮಕ್ಕಳ ಸಂಘದವರ ಹತ್ತಿರ ಇರಲಿ.